ಜೊತೆಗೊಬ್ಬರಿದ್ದಾಗ ಆಧುನಿಕ ಕಲೆ ನೋಡುವ ಬಗೆ

ಇಬ್ಬರು ಸೇರಿ ಹೋದಾಗ ಮ್ಯೂಸಿಯಂನಲ್ಲಿ ಮೊದಲು ಹದಗೆಡುವುದು ನಡಿಗೆ. ಒಬ್ಬರಿಗೆ ಇನ್ನೂ ನೋಡಬೇಕು, ಇನ್ನೊಬ್ಬರು ಆಗಲೇ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತಿರುತ್ತಾರೆ. ಹಾಗಾಗಿ ನಾವು ಒಳಗೆ ಹೋಗುವ ಮುಂಚೆಯೇ ಮಾತಾಡಿಕೊಳ್ಳುವುದು ಇಷ್ಟು: ಎರಡೇ ಕೋಣೆ, ಒಂದೂವರೆ ಗಂಟೆ. ಪ್ರತಿ ಕೋಣೆಯಲ್ಲೂ ಮೊದಲ ಹತ್ತು ನಿಮಿಷ ಅವರವರ ಪಾಡಿಗೆ ಸುತ್ತಾಟ, ಮಾತಿಲ್ಲ. ಆಮೇಲೆ ಒಬ್ಬೊಬ್ಬರೂ ಒಂದೊಂದು ಕೃತಿಯ ಮುಂದಕ್ಕೆ ಇನ್ನೊಬ್ಬರನ್ನು ಕರೆದೊಯ್ಯುವುದು. ಸಿಟ್ಟು ತರಿಸಿದ ಕೃತಿಯಾದರೂ ಸರಿ, ಅದರ ಮುಂದೆಯೇ ಮಾತು ಹೆಚ್ಚು.

ಕೃತಿಯ ಪಕ್ಕದಲ್ಲಿ ಹೆಸರು, ವಿವರ ಬರೆದಿರುವ ಚೀಟಿ ಕೊನೆಗೆ. ಮೊದಲೇ ಓದಿದರೆ ಕಣ್ಣು ಆ ಹೆಸರನ್ನೇ ಚಿತ್ರದಲ್ಲಿ ಹುಡುಕುತ್ತದೆ. ‘ಇದರ ಅರ್ಥ ಏನು’ ಎನ್ನುವುದನ್ನು ತಡೆದಿಟ್ಟು ‘ಇದನ್ನು ಹೇಗೆ ಮಾಡಿದ್ದಾರೆ’ ಎಂದು ಕೇಳಿಕೊಂಡರೆ ಇಬ್ಬರಿಗೂ ಹೇಳಲು ಏನಾದರೂ ಸಿಗುತ್ತದೆ. ಕಪ್ಪು ಗೆರೆ, ಬಣ್ಣದ ಆಯತಗಳ ಚಿತ್ರಕಾರ ಮಾಂಡ್ರಿಯನ್‌ನ ಕೃತಿ ಪುಸ್ತಕದಲ್ಲಿ ನೋಡಿದರೆ ಸ್ಕೇಲಿಟ್ಟು ಗೆರೆ ಎಳೆದು ಬಣ್ಣ ತುಂಬಿದಂತಿರುತ್ತದೆ. ಮೂಲ ಚಿತ್ರದ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ: ಬರೀ ಬಿಳಿಯಲ್ಲೇ ಕುಂಚ ಓಡಿದ ಗುರುತುಗಳು, ಸಣ್ಣ ಬಿರುಕುಗಳು. ಕೆಲವು ಚಿತ್ರಗಳಲ್ಲಿ ಕಪ್ಪು ಗೆರೆ ಅಂಚು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಅಮೆರಿಕದ ಚಿತ್ರಕಾರ ಪೊಲಾಕ್‌ನ 1950ರ ಹೊತ್ತಿನ ಚಿತ್ರಗಳು ಕ್ಯಾನ್ವಾಸ್ ನೆಲಕ್ಕೆ ಹಾಸಿ ಬಣ್ಣ ಸುರಿದು, ಚಿಮ್ಮಿಸಿ ಮಾಡಿದವು. ಬಣ್ಣ ದಪ್ಪಗೆ ನಿಂತಲ್ಲಿ ಒಣಗುವಾಗ ಮೇಲಿನ ಪದರ ಸುಕ್ಕುಗಟ್ಟಿರುವುದೂ ಉಂಟು, ಹಾಲಿನ ಕೆನೆಯ ಹಾಗೆ.

ಕಲಾವಿದ ಡ್ಯುಶಾಂಪ್ ಕಲಾಕೃತಿ ಎಂದು ಮುಂದಿಟ್ಟ, ಕಾರ್ಖಾನೆಯಲ್ಲಿ ತಯಾರಾದ ಮೂತ್ರದ ಬೇಸಿನ್ ಮುಂದೆ ಮಾತ್ರ ‘ಹೇಗೆ ಮಾಡಿದ್ದಾರೆ’ ಎಂಬ ಪ್ರಶ್ನೆ ನಡೆಯುವುದಿಲ್ಲ. ಅಲ್ಲಿ ಬೇಗ ಚೀಟಿಗೆ ಹೋಗಿ. 1917ರ ಮೂಲ ಕಳೆದುಹೋಗಿದೆ, ಹಲವು ಮ್ಯೂಸಿಯಂಗಳಲ್ಲಿ ಇರುವುದು 1964ರ ಪ್ರತಿ. ಜಗಳವಾಡಲು ಅಷ್ಟೇ ಸಾಕು.

ದೊಡ್ಡ ಬಣ್ಣದ ಆಯತಗಳ ಚಿತ್ರಕಾರ ರಾತ್ಕೊ ತನ್ನ ಚಿತ್ರಗಳನ್ನು 18 ಇಂಚು ದೂರದಿಂದ ನೋಡಿ ಎನ್ನುತ್ತಿದ್ದ. ದಾಟಬಾರದೆಂದು ನೆಲದ ಮೇಲೆ ಎಳೆದ ಗೆರೆ ಅಷ್ಟು ಹತ್ತಿರ ಬಿಡದಿದ್ದರೆ ಗೆರೆಯ ತನಕ ಹೋಗಿ ಮೂರು ನಿಮಿಷ ನಿಲ್ಲಿ. ಬಣ್ಣದ ಆಯತಗಳ ಅಂಚು ಅಲುಗಾಡಿದಂತೆ ಕಾಣತೊಡಗುವುದು ಆಮೇಲೆಯೇ.

ಅಲಾರಂ ಕೂಗಿಸುವುದು ಹೆಚ್ಚಾಗಿ ಕಾಲಲ್ಲ, ಬೆರಳು. ಜೊತೆಯವರಿಗೆ ‘ಇಲ್ನೋಡು’ ಅಂತ ತೋರಿಸುವ ಭರದಲ್ಲಿ ಕೈ ಗೆರೆ ದಾಟಿರುತ್ತದೆ. ಬಾಯಲ್ಲೇ ಹೇಳಿ: ಎಡಗಡೆ, ಕೆಳಗೆ, ಹಳದಿಯ ಪಕ್ಕ. ದೂರದಿಂದ ನೋಡಲು ಹಿಂದೆ ಹಿಂದೆ ಹೆಜ್ಜೆ ಇಡುವಾಗ ಬೆನ್ನ ಹಿಂದಿನ ಶಿಲ್ಪದ ಮೇಲೆ ಕಣ್ಣಿಡುವ ಕೆಲಸ ಇನ್ನೊಬ್ಬರದು. ಗಾಜು ಹಾಕಿದ ಚಿತ್ರಗಳಿದ್ದರೆ ಕಡು ಬಣ್ಣದ ಅಂಗಿ ತೊಟ್ಟು ಹೋಗಿ. ಬಿಳಿ ಅಂಗಿಯಾದರೆ ಗಾಜಿನಲ್ಲಿ ನಿಮ್ಮನ್ನೇ ನೋಡುತ್ತಿರುತ್ತೀರಿ.