ಮಲೆನಾಡಿನ ತೇವದಲ್ಲಿ ಕೊರಿಯಾದ ಬಿಲ್ಲಿಗೆ ಹದ ಕೊಡುವ ಬಗೆ

ಕೊರಿಯಾದ ಸಾಂಪ್ರದಾಯಿಕ ಬಿಲ್ಲುಗಾರಿಕೆಯಲ್ಲಿ ಗುರಿಹಲಗೆ ನಿಲ್ಲುವುದು 145 ಮೀಟರ್ ದೂರದಲ್ಲಿ. ಹಲಗೆಯ ಎತ್ತರ 2.67 ಮೀಟರ್, ಅಗಲ 2 ಮೀಟರ್. ಅದನ್ನು ಸುಮಾರು 15 ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಿ ನಿಲ್ಲಿಸುತ್ತಾರೆ. ಬಿಲ್ಲಿನ ಹದದ ಬಗ್ಗೆ ಮುಂದೆ ಹೇಳುವುದೆಲ್ಲ ಈ ದೂರದ ಲೆಕ್ಕವನ್ನೇ ಅವಲಂಬಿಸಿರುವುದರಿಂದ ಅದನ್ನು ಮೊದಲೇ ಬಿಡಿಸಿಡುತ್ತೇನೆ. ಬಾಣ ಸೆಕೆಂಡಿಗೆ 55 ಮೀಟರ್ ವೇಗದಲ್ಲಿ ಹೊರಟರೆ, ಗಾಳಿಯ ತಡೆಯನ್ನು ಬದಿಗಿಟ್ಟ ಲೆಕ್ಕದಲ್ಲಿ, 145 ಮೀಟರ್ ತಲುಪಲು ಅದನ್ನು ಸುಮಾರು 14 ಡಿಗ್ರಿ ಮೇಲಕ್ಕೆ ಎತ್ತಿ ಬಿಡಬೇಕಾಗುತ್ತದೆ. ಅದೇ ಕೋನದಲ್ಲಿ ವೇಗ ಸೆಕೆಂಡಿಗೆ ಒಂದೇ ಒಂದು ಮೀಟರ್ ಕಡಿಮೆಯಾದರೂ ಬಾಣ ಐದು ಮೀಟರ್ ಹಿಂದೆ ಬೀಳುತ್ತದೆ. ಅಂದರೆ ಹಲಗೆಯ ನಡುವಿಗೆ ತಾಗಬೇಕಾದದ್ದು ಅದರ ಬುಡಕ್ಕೆ ಇಳಿಯುತ್ತದೆ. ಎರಡು ಮೀಟರ್ ಕಡಿಮೆಯಾದರೆ ಹಲಗೆಯ ಮುಂದಿನ ಮಣ್ಣಿನಲ್ಲಿ ನಾಟಿಕೊಳ್ಳುತ್ತದೆ. ಕೈ ಅದೇ, ಕಣ್ಣು ಅದೇ, ಎಳೆತವೂ ಅದೇ ಆಗಿದ್ದು ಬಾಣ ಮಾತ್ರ ದಿನಕ್ಕೊಂದು ಕಡೆ ಬೀಳುತ್ತಿದ್ದರೆ, ತಪ್ಪನ್ನು ಬಿಲ್ಲುಗಾರನಲ್ಲಿ ಹುಡುಕುವ ಮೊದಲು ಬಿಲ್ಲಿನಲ್ಲಿ ಹುಡುಕಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆ ತಪ್ಪಿನ ಬೇರು ಬಹಳ ಸಲ ತೇವದಲ್ಲಿರುತ್ತದೆ.

ನಮ್ಮಲ್ಲಿಗೆ ಬರುವ ಕೊರಿಯಾದ ಬಿಲ್ಲುಗಳಲ್ಲಿ ಎರಡು ಬಗೆ. ಹಳೆಯ ಪದ್ಧತಿಯದಕ್ಕೆ ಗಕ್‌ಗುಂಗ್, ಅಂದರೆ ಕೊಂಬಿನ ಬಿಲ್ಲು ಎಂದು ಹೆಸರು. ಅದರ ಒಡಲು ಬಿದಿರು; ಬಿಲ್ಲುಗಾರನ ಕಡೆಗಿನ ಮೈಗೆ ಎಮ್ಮೆಯ ಕೊಂಬಿನ ಪಟ್ಟಿ, ಹೊರಮೈಗೆ ದನದ ಸ್ನಾಯುವಿನ ನಾರು, ಹೆದೆ ಸಿಕ್ಕಿಸುವ ತುದಿಗಳಾದ ಕೊಪ್ಪುಗಳಿಗೆ ಹಿಪ್ಪುನೇರಳೆಯ ಮರ, ಹಿಡಿಗೆ ಓಕ್ ಮರ. ಇವನ್ನೆಲ್ಲ ಕೂಡಿಸುವುದು ಮೀನಿನ ಗಾಳಿಚೀಲದಿಂದ ತೆಗೆದ ಅಂಟು; ಮೇಲೆ ಬರ್ಚ್ ಮರದ ತೊಗಟೆಯ ಹೊದಿಕೆ. ಹೆದೆ ಇಳಿಸಿದಾಗ ಈ ಬಿಲ್ಲು ಎದುರು ದಿಕ್ಕಿಗೆ ಸುರುಳಿಗೊಂಡು, ತುದಿಗಳೆರಡೂ ಹೆಚ್ಚುಕಡಿಮೆ ಕೂಡಿಕೊಳ್ಳುವಷ್ಟು ಬಾಗುತ್ತದೆ. ಎರಡನೆಯ ಬಗೆ ಫೈಬರ್ ಗ್ಲಾಸ್ ಅಥವಾ ಕಾರ್ಬನ್ ಪದರಗಳನ್ನು ಮರಕ್ಕೆ ಅಂಟಿಸಿ ಮಾಡಿದ ಈ ಕಾಲದ ಬಿಲ್ಲು. ಕೊರಿಯಾದಲ್ಲಿಯೂ ಹೊಸಬರು ಕಲಿಯುವುದು ಇದರಲ್ಲಿಯೇ. ಮಲೆನಾಡಿನಲ್ಲಿದ್ದು ಮೊದಲ ಬಿಲ್ಲು ಕೊಳ್ಳುವವರು ಎರಡನೆಯದನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೊಂಬಿನ ಬಿಲ್ಲನ್ನು ಇಲ್ಲಿ ಸಾಕುವುದೆಂದರೆ ವರ್ಷದಲ್ಲಿ ನಾಲ್ಕು ತಿಂಗಳು ಅದರ ಶುಶ್ರೂಷೆಗೆ ನಿಂತಂತೆ. ಅದಕ್ಕೆ ಮನಸ್ಸಿದ್ದರೆ ಮಾತ್ರ ಆ ದಾರಿಗೆ ಬರಬೇಕು.

ಸ್ನಾಯು ಮತ್ತು ಅಂಟು ಎರಡೂ ಪ್ರಾಣಿಜನ್ಯ ವಸ್ತುಗಳಾದ್ದರಿಂದ ಗಾಳಿಯ ತೇವವನ್ನು ಕುಡಿಯುತ್ತವೆ. ಕುಡಿದಷ್ಟೂ ಮೆತ್ತಗಾಗುತ್ತವೆ, ಬಿಲ್ಲಿನ ಬಿಗಿ ಇಳಿಯುತ್ತದೆ, ಕೊನೆಗೆ ಕೊಂಬಿನ ಪಟ್ಟಿ ಬಿದಿರಿನಿಂದ ಬಿಟ್ಟುಕೊಳ್ಳುತ್ತದೆ. ಕೊರಿಯಾದ ಬೇಸಿಗೆಯೂ ಮಳೆಗಾಲವೇ ಆದ್ದರಿಂದ ಅಲ್ಲಿನವರು ಈ ಬಿಲ್ಲುಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುವ ಪದ್ಧತಿಯನ್ನು ಬಹಳ ಹಿಂದಿನಿಂದ ಇಟ್ಟುಕೊಂಡಿದ್ದಾರೆ. ಆ ಉಪಚಾರವನ್ನು ಜೊಮ್‌ಹ್ವಾ ಎನ್ನುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಗೋಡೆಗೆ ತೂಗುಹಾಕಿದ ಚರ್ಮದ ಚಪ್ಪಲಿ ಒಂದು ವಾರದಲ್ಲಿ ಬೂಸ್ಟು ಹಿಡಿಯುವ ಸೀಮೆಯಲ್ಲಿ ಅಂಥ ಪೆಟ್ಟಿಗೆ ಇಲ್ಲದೆ ಕೊಂಬಿನ ಬಿಲ್ಲು ಉಳಿಯುವುದಿಲ್ಲ.

ಪೆಟ್ಟಿಗೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಸುರುಳಿಗೊಂಡ ಬಿಲ್ಲು ಎಲ್ಲಿಯೂ ತಾಗದೆ ಹಿಡಿಸುವಷ್ಟು ದೊಡ್ಡ ಮರದ ಪೆಟ್ಟಿಗೆ, ತಳದಲ್ಲಿ 15ರಿಂದ 25 ವ್ಯಾಟಿನ ಹಳೆಯ ಮಾದರಿಯ ತಂತಿಬಲ್ಬು, ಬಲ್ಬಿನ ಮೇಲೆ ಶಾಖ ನೇರವಾಗಿ ತಾಗದಂತೆ ಒಂದು ತಗಡಿನ ಮರೆ, ನಡುವೆ ಬಿದಿರಿನ ತಟ್ಟಿ, ಮೇಲೆ ತೇವ ಹೊರಹೋಗಲು ನಾಲ್ಕಾರು ತೂತು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ, ಅದು ಬೇಕಾದಷ್ಟು ಬೆಚ್ಚಗಾಗುವುದಿಲ್ಲ. ಒಳಗೆ ತಾಪ ಮತ್ತು ತೇವ ಎರಡನ್ನೂ ತೋರಿಸುವ ಮಾಪಕವನ್ನು ಇಡಲೇಬೇಕು. ತಾಪ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು, ತೇವಾಂಶ ಶೇಕಡ 45ರಿಂದ 55ರ ನಡುವೆ ನಿಂತರೆ ಸರಿ. ಇನ್ನೂ ಒಣಗಲಿ ಎಂದು ದೊಡ್ಡ ಬಲ್ಬು ಹಾಕಿದರೆ ಕೊಂಬು ಸೀಳುತ್ತದೆ, ಆ ಹಾನಿ ತೇವದ ಹಾನಿಗಿಂತ ಕೆಟ್ಟದ್ದು. ನಮ್ಮ ಹಿರಿಯರು ಮೆಣಸು, ಬಿತ್ತನೆಯ ಬೀಜಗಳನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಕಾಪಾಡಿದ್ದು ನಿಜ. ಆದರೆ ಬಿಲ್ಲಿಗೆ ಆ ಜಾಗ ಬೇಡ. ಅಟ್ಟದಲ್ಲಿ ಬೆಳಿಗ್ಗೆ ಉರಿ, ರಾತ್ರಿ ತಣ್ಣನೆ ಗಾಳಿ, ಆ ಏರಿಳಿತವನ್ನು ಅಂಟು ತಾಳುವುದಿಲ್ಲ.

ಫೈಬರ್ ಗ್ಲಾಸಿನ ಬಿಲ್ಲಿಗೆ ಮಳೆಯ ಭಯವಿಲ್ಲ, ಶಾಖದ ಭಯವಿದೆ. ಮಾರ್ಚ್ ಏಪ್ರಿಲಿನ ಬಿಸಿಲಿನಲ್ಲಿ ಗಾಜು ಮುಚ್ಚಿದ ಕಾರಿನೊಳಗೆ ಅದನ್ನು ಬಿಟ್ಟರೆ ಪದರಗಳ ಅಂಟು ಸಡಿಲಾಗುತ್ತದೆ. ಶಿವಮೊಗ್ಗ ಪೇಟೆಗೆ ಹೋಗುವಾಗ ಬಿಲ್ಲನ್ನು ಮನೆಯಲ್ಲಿಯೇ ಇಟ್ಟುಹೋಗುವುದು ಲೇಸು.

ಹೆದೆಯೇರಿಸುವುದು ಎಲ್ಲಕ್ಕಿಂತ ಸೂಕ್ಷ್ಮವಾದ ಘಟ್ಟ. ಈ ಬಿಲ್ಲಿನ ಕೊಪ್ಪುಗಳು ಮುಂದಕ್ಕೆ ಬಾಗಿರುವುದರಿಂದ ಹೆದೆ ಕೊಪ್ಪಿನ ಕಚ್ಚಿನಿಂದ ಹೊರಟು, ಬಿಲ್ಲಿನ ತೋಳು, ಅಂದರೆ ಹಿಡಿಯ ಎರಡೂ ಕಡೆಯ ಬಾಗುವ ಭಾಗ, ಮತ್ತು ಕೊಪ್ಪು ಕೂಡುವಲ್ಲಿರುವ ಸಣ್ಣ ಚರ್ಮದ ದಿಂಬಿನ ಮೇಲೆ ಒರಗಿ ಮುಂದೆ ಸಾಗುತ್ತದೆ. ಆ ದಿಂಬಿಗೆ ದೋಗೋಜಿ ಎಂದು ಹೆಸರು. ಎಳೆಯುತ್ತ ಹೋದಂತೆ ಹೆದೆ ದಿಂಬಿನಿಂದ ಮೇಲೇಳುತ್ತದೆ, ಕೊಪ್ಪು ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಆದುದರಿಂದಲೇ ಇಷ್ಟು ಗಿಡ್ಡನೆಯ ಬಿಲ್ಲನ್ನು ಕಿವಿಯಾಚೆಗೆ ಎಳೆದರೂ ಕೊನೆಯಲ್ಲಿ ಕೈಗೆ ಕಲ್ಲಿನಂತೆ ಬಿಗಿಯುವುದಿಲ್ಲ. ಬಾಣ ಹೋದ ಮೇಲೆ ಹೆದೆ ಮರಳಿ ಬಂದು ಬಡಿಯುವುದೂ ಆ ದಿಂಬಿಗೇ. ಹೆದೆಯ ಗಂಟು ದಿಂಬಿನ ನಟ್ಟನಡುವೆ ಕೂರಬೇಕು. ಒಂದು ಭತ್ತದ ಕಾಳಿನಷ್ಟು ಆಚೀಚೆ ಸರಿದರೂ ತೋಳು ಮಗ್ಗುಲಿಗೆ ತಿರುಚಿಕೊಳ್ಳಲು ಹವಣಿಸುತ್ತದೆ.

ಇದನ್ನು ನಾನು ಕಲಿತದ್ದು ಒಂದು ಆಶ್ಲೇಷ ಮಳೆಯ ಹೊಳವಿನಲ್ಲಿ. ಬಿಸಿಲು ಕಂಡ ಸಂಭ್ರಮದಲ್ಲಿ ಬಿಲ್ಲನ್ನು ಪೆಟ್ಟಿಗೆಯಿಂದ ತೆಗೆದವನೇ ಒಬ್ಬನೇ ಹೆದೆಯೇರಿಸಿ, ದಿಂಬನ್ನು ನೋಡದೆ ಪೂರ್ತಿ ಎಳೆದೆ. ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ಮೇಲಿನ ತೋಳು ಮಗುಚಿಕೊಂಡು ಹೆದೆ ಕೊಪ್ಪಿನಿಂದ ಹಾರಿತು. ಕೊಂಬಿನ ಪಟ್ಟಿ ಹಿಡಿಯ ಮೇಲೆ ನಾಲ್ಕು ಬೆರಳಿನುದ್ದ ಎದ್ದುಬಂದಿತ್ತು. ಆ ಬಿಲ್ಲು ಮತ್ತೆ ಬಾಣ ಬಿಡಲಿಲ್ಲ. ಅಂದಿನಿಂದ ನಾನು ಕೊಂಬಿನ ಬಿಲ್ಲಿಗೆ ಇಬ್ಬರಿಲ್ಲದೆ ಹೆದೆಯೇರಿಸುವುದಿಲ್ಲ: ಒಬ್ಬರು ಹಿಡಿಯನ್ನು ತೊಡೆಯ ಮೇಲೆ ಒತ್ತಿ ಎರಡೂ ತೋಳುಗಳನ್ನು ಸಮನಾಗಿ ಬಾಗಿಸಬೇಕು, ಇನ್ನೊಬ್ಬರು ಹೆದೆಯ ಕುಣಿಕೆಯನ್ನು ಕಚ್ಚಿಗೆ ಸೇರಿಸಬೇಕು.

ಏರಿಸಿದ ಮೇಲೆ ಬಿಲ್ಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೆದೆಯ ಉದ್ದಕ್ಕೂ ನೋಡಿ. ಹೆದೆ ಎರಡೂ ತೋಳುಗಳ ನಡುಗೆರೆಯನ್ನು ಮುಚ್ಚಿಕೊಂಡಿರಬೇಕು. ಒಂದು ತೋಳು ಬಲಕ್ಕೆ ವಾಲಿದ್ದರೆ ಅಂಗೈಗಳಿಂದ ಉಜ್ಜಿ ಬೆಚ್ಚಗೆ ಮಾಡಿ, ಎಡಕ್ಕೆ ಮೆಲ್ಲನೆ ಒತ್ತಿ, ಇಪ್ಪತ್ತು ಎಣಿಸುವವರೆಗೆ ಹಿಡಿದು ಬಿಡಿ. ಮತ್ತೆ ನೋಡಿ, ಮತ್ತೆ ಒತ್ತಿ. ಬೆಂಕಿಯ ಹತ್ತಿರ ಹಿಡಿದು ಬಾಗಿಸುವುದು ಕೊರಿಯಾದ ನುರಿತವರ ಕೈಗೆ ಬಿಟ್ಟ ಕೆಲಸ. ಮಗ್ಗುಲಿನ ಓರೆ ಸರಿಯಾದ ಬಳಿಕ ಬಿಲ್ಲನ್ನು ಅಡ್ಡಕ್ಕೆ ಹಿಡಿದು ಮೇಲಿನ ತೋಳಿನ ಬಾಗು, ಕೆಳಗಿನ ತೋಳಿನ ಬಾಗು ಹೋಲಿಸಿ. ಹದಿನೈದು ನಿಮಿಷ ಬಿಲ್ಲನ್ನು ಹಾಗೆಯೇ ಬಿಟ್ಟು, ಅರ್ಧ ಎಳೆತ ನಾಲ್ಕಾರು ಸಲ ಎಳೆದು ಮೆಲ್ಲನೆ ಹಿಂದಕ್ಕೆ ತಂದು, ಇನ್ನೊಮ್ಮೆ ಎಲ್ಲವನ್ನೂ ನೋಡಿದ ಮೇಲೆಯೇ ಬಾಣ ಹೂಡಬೇಕು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡುವುದನ್ನು ತಮಾಷೆಗೂ ಮಾಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ತೋಳುಗಳಿಗೇ ತಿರುಗುತ್ತದೆ.

ಹಿಡಿಯಿಂದ ಹೆದೆಗಿರುವ ಅಂತರ ಈ ಬಿಲ್ಲುಗಳಲ್ಲಿ ಸಾಮಾನ್ಯವಾಗಿ 13ರಿಂದ 15 ಸೆಂಟಿಮೀಟರ್. ಹೆದೆಯ ಹುರಿಯನ್ನು ಹೆಚ್ಚಿಸಿದರೆ ಅದು ಗಿಡ್ಡವಾಗಿ ಅಂತರ ಏರುತ್ತದೆ, ಹುರಿ ಬಿಚ್ಚಿದರೆ ಇಳಿಯುತ್ತದೆ. ಅಂತರ ಕಡಿಮೆಯಾದಷ್ಟೂ ಹೆದೆ ಬಾಣವನ್ನು ಹೆಚ್ಚು ದೂರ ನೂಕುವುದರಿಂದ ವೇಗ ಸ್ವಲ್ಪ ಹೆಚ್ಚುತ್ತದೆ, ಆದರೆ ಹೆದೆ ಮುಂಗೈಗೆ ಬಡಿಯುತ್ತದೆ. ನಾಲ್ಕೈದು ಸುತ್ತು ಹುರಿ ಹಾಕಿ ಹತ್ತು ಬಾಣ ಬಿಡುವುದು, ಮತ್ತೆ ನಾಲ್ಕೈದು ಸುತ್ತು ಬದಲಿಸಿ ಹತ್ತು ಬಾಣ ಬಿಡುವುದು, ಹೀಗೆ ಮಾಡುತ್ತ ಬಿಲ್ಲಿನ ಸದ್ದು ಅತ್ಯಂತ ಮೆತ್ತಗಾಗುವ ಅಂತರವನ್ನು ಹುಡುಕಿಕೊಂಡು ಪುಸ್ತಕದಲ್ಲಿ ಬರೆದಿಡಿ. ಹೆದೆಯ ತೂಕದ ಸುಮಾರು ಮೂರನೇ ಒಂದು ಭಾಗ ಬಾಣಕ್ಕೇ ಕಟ್ಟಿದ ಹೊರೆಯಂತೆ ವರ್ತಿಸುವುದರಿಂದ, ನೀರು ಕುಡಿದು ಭಾರವಾದ ಹೆದೆ ನೇರವಾಗಿ ವೇಗವನ್ನು ತಿನ್ನುತ್ತದೆ. ಇದಕ್ಕೆ ನಮ್ಮಲ್ಲಿ ಸಿಗುವ ಜೇನುಮೇಣಕ್ಕಿಂತ ಒಳ್ಳೆಯ ಮದ್ದಿಲ್ಲ. ತೆಳ್ಳಗೆ ಹಚ್ಚಿ, ಚರ್ಮದ ತುಂಡಿನಿಂದ ಬಿಸಿಯಾಗುವಷ್ಟು ಉಜ್ಜಿದರೆ ಮೇಣ ಎಳೆಗಳ ಒಳಗೆ ಇಳಿಯುತ್ತದೆ.

ಬಾಣದ ತೂಕವನ್ನು ಕೊರಿಯಾದವರು ಡೋನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಡೋನ್ ಎಂದರೆ 3.75 ಗ್ರಾಂ. 45 ಪೌಂಡಿನ, ಅಂದರೆ ಸುಮಾರು 20.4 ಕಿಲೋ ಎಳೆತದ ಬಿಲ್ಲಿಗೆ 7 ಡೋನಿನ ಬಾಣ, ಅಂದರೆ 26.25 ಗ್ರಾಂ, ಚೆನ್ನಾಗಿ ಒಗ್ಗುತ್ತದೆ. ಅದಕ್ಕಿಂತ ಬಹಳ ಹಗುರವಾದದ್ದನ್ನು ಹೂಡಿದರೆ ವೇಗ ಸಿಗುತ್ತದೆ, ಜೊತೆಗೆ ಬಿಲ್ಲಿಗೆ ಪೆಟ್ಟೂ ಬೀಳುತ್ತದೆ. ಬಿದಿರಿನ ಬಾಣವೂ ತೇವ ಕುಡಿಯುತ್ತದೆ, ಬಾಗುತ್ತದೆ. ಮಳೆಗಾಲದಲ್ಲಿ ನಾನು ಕಾರ್ಬನ್ ಬಾಣಗಳನ್ನೇ ಬಳಸುತ್ತೇನೆ. ಗರಿ ನೆನೆದರೆ ಮಾತ್ರ ಎರಡಕ್ಕೂ ಒಂದೇ ಗತಿ: ಅದು ಮೈಗೆ ಅಂಟಿಕೊಂಡು ಬಾಣ ಓಲಾಡುತ್ತದೆ.

ಬಾಣದ ಬಿಗುವು ಬಿಲ್ಲಿಗೆ ಹೊಂದುತ್ತದೆಯೇ ಎಂದು ತಿಳಿಯಲು ಗರಿಯಿಲ್ಲದ ಒಂದು ಬಾಣವನ್ನು ಗರಿಯಿರುವ ಬಾಣಗಳ ಜೊತೆಗೆ 20 ಮೀಟರ್ ದೂರದ ಹುಲ್ಲಿನ ಪಿಂಡಿಗೆ ಬಿಡಿ. ಕೊರಿಯಾದ ಪದ್ಧತಿಯಲ್ಲಿ ಹೆದೆಯನ್ನು ಎಳೆಯುವುದು ಉಂಗುರ ತೊಟ್ಟ ಹೆಬ್ಬೆರಳಿನಿಂದ. ಏಕಲವ್ಯ ಕೊಟ್ಟದ್ದು ಎಂಥದ್ದೆಂಬುದು ಈ ಎಳೆತ ಕಲಿತವರಿಗೆ ಮೈಗೆ ತಿಳಿಯುತ್ತದೆ. ಬಲಗೈಯಿಂದ ಎಳೆಯುವವರ ಬಾಣ ಬಿಲ್ಲಿನ ಬಲಮಗ್ಗುಲಲ್ಲಿ ಕೂರುವುದರಿಂದ, ಗರಿಯಿಲ್ಲದ ಬಾಣ ಎಡಕ್ಕೆ ಬಿದ್ದರೆ ಅದು ಮೆತ್ತಗಿದೆ, ಬಲಕ್ಕೆ ಬಿದ್ದರೆ ಗಡುಸಾಗಿದೆ ಎಂದು ತಿಳಿಯಬೇಕು. ಬೇರೆ ಪದ್ಧತಿಯ ಪುಸ್ತಕಗಳಲ್ಲಿ ಇದು ತಿರುಗುಮುರುಗಾಗಿ ಇರುತ್ತದೆ. ಆದರೆ ಈ ನಿರ್ಣಯಕ್ಕೆ ಬರುವ ಮೊದಲು ಎಡಗೈಯನ್ನು ಪರೀಕ್ಷಿಸಿಕೊಳ್ಳಿ. ಹಿಡಿಯನ್ನು ಒದ್ದೆ ಬಟ್ಟೆ ಹಿಂಡುವಂತೆ ತುಸು ತಿರುಚುವುದು ಈ ವಿದ್ಯೆಯ ಜೀವ. ಆ ತಿರುಚು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆಯಾದರೆ ಒಳ್ಳೆಯ ಬಾಣವೂ ತಪ್ಪು ಬಾಣದಂತೆ ಕಾಣುತ್ತದೆ.

ವೇಗ ಅಳೆಯಲು ಯಂತ್ರ ಬೇಕಿಲ್ಲ. ಮೊಬೈಲನ್ನು ಕಾಲ ಬಳಿ ಇಟ್ಟು ಧ್ವನಿಮುದ್ರಣ ಹಾಕಿ, 20 ಮೀಟರ್ ದೂರದ ಪಿಂಡಿಗೆ ಬಾಣ ಬಿಡಿ. ಹೆದೆಯ ಸದ್ದು ಮತ್ತು ಬಾಣ ನಾಟಿದ ಸದ್ದು ಇವೆರಡರ ನಡುವಿನ ಕಾಲವನ್ನು ಧ್ವನಿಯ ಅಲೆಗಳನ್ನು ತೋರಿಸುವ ಯಾವುದೇ ಆ್ಯಪಿನಲ್ಲಿ ಅಳೆಯಬಹುದು. ಅದರಿಂದ ನಾಟಿದ ಸದ್ದು ಹಿಂದಿರುಗಿ ಬರುವ 0.058 ಸೆಕೆಂಡನ್ನು ಕಳೆದು, ಉಳಿದದ್ದರಿಂದ 20ನ್ನು ಭಾಗಿಸಿ. ಅಳೆದ ಕಾಲ 0.422 ಸೆಕೆಂಡಾದರೆ ವೇಗ ಸೆಕೆಂಡಿಗೆ ಸುಮಾರು 55 ಮೀಟರ್. ಐದು ಬಾಣಗಳ ಸರಾಸರಿ ತೆಗೆದು, ಆ ದಿನದ ತೇವಾಂಶದ ಪಕ್ಕದಲ್ಲಿ ಬರೆಯಿರಿ. ಸಾಮಾನು ತೂಗುವ ಕೊಕ್ಕೆತಕ್ಕಡಿಯಿಂದ ಪೂರ್ತಿ ಎಳೆತದ ಭಾರವನ್ನೂ ಅಳೆದು ಬರೆಯಿರಿ. ಭಾರ ಇಳಿದು ವೇಗವೂ ಇಳಿದಿದ್ದರೆ ಬಿಲ್ಲು ತೇವ ಕುಡಿದಿದೆ, ಪೆಟ್ಟಿಗೆಗೆ ಮರಳಬೇಕು. ಭಾರ ಅಷ್ಟೇ ಇದ್ದು ವೇಗ ಮಾತ್ರ ಇಳಿದಿದ್ದರೆ ಮೊದಲು ಹೆದೆಯನ್ನು, ಆಮೇಲೆ ಬಾಣವನ್ನು, ಕೊನೆಗೆ ಬೆರಳಿನ ಬಿಡುವಿಕೆಯನ್ನು ಶಂಕಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿದ ದಿನದ ಬರಹ ಯಾವ ಉಪಯೋಗಕ್ಕೂ ಬರುವುದಿಲ್ಲ.

145 ಮೀಟರಿನ ಅಭ್ಯಾಸಕ್ಕೆ ಕೊಯ್ಲು ಮುಗಿದ ಗದ್ದೆಬಯಲೇ ಸೂಕ್ತ. ಗುರಿಯ ಹಿಂದೆ ಆಳೆತ್ತರಕ್ಕೂ ಮೀರಿದ ದರೆ ಇರಬೇಕು, ದರೆಯ ಮೇಲೆ ಕಾಲುದಾರಿ, ಹಟ್ಟಿ, ಮೇಯುವ ದನ ಇರಬಾರದು. ಈ ಬಿಲ್ಲು ಎತ್ತಿ ಬಿಟ್ಟರೆ ಗುರಿಯ ದೂರಕ್ಕಿಂತ ಬಹಳ ಆಚೆಗೆ ಬಾಣವನ್ನು ಕಳಿಸಬಲ್ಲದು. ಕಾಡಿನ ಅಂಚಿಗೆ ಬಿಲ್ಲು ಹಿಡಿದು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಬೇಟೆ ಅಪರಾಧ.

ಅಭ್ಯಾಸ ಮುಗಿದೊಡನೆ ಕೊಂಬಿನ ಬಿಲ್ಲಿನ ಹೆದೆ ಇಳಿಸಿ, ಹಿಡಿಯ ಬೆವರನ್ನು ಒಣಬಟ್ಟೆಯಿಂದ ಒರಸಿ, ತೊಗಟೆಯ ಅಂಚುಗಳು ಎದ್ದಿವೆಯೇ ಎಂದು ಉಗುರಿನಿಂದ ಸವರಿ ನೋಡಿ ಪೆಟ್ಟಿಗೆಗೆ ಸೇರಿಸಿ. ಮೃಗಶಿರ ಮಳೆ ಹಿಡಿಯುವ ಮೊದಲು ಬಲ್ಬನ್ನು ಹೊಸದಾಗಿ ಹಾಕಿ, ಇನ್ನೊಂದನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋದಾಗ, ಬಿಸಿನೀರನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ, ಬಲ್ಬಿನ ಜಾಗದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಇಟ್ಟರೆ ಬಚ್ಚಲೊಲೆಯ ಉರಿಯಲ್ಲಿಯೇ ಪೆಟ್ಟಿಗೆ ಬೆಚ್ಚಗಿರುತ್ತದೆ.