ಕಾಲುಚೀಲದೊಳಗಿದ್ದ ಮೌತ್‌ಗಾರ್ಡ್

ಹಾಕಿ ಆಡುವ 11 ವರ್ಷದ ಹುಡುಗನೊಬ್ಬನನ್ನು ಅವನ ತಂದೆ ನನ್ನ ಬಳಿಗೆ ಕರೆತಂದಾಗ ಅವನ ಮೇಲ್ದವಡೆಯ ಮುಂಭಾಗದ ಬಾಚಿಹಲ್ಲೊಂದು ಓರೆಯಾಗಿ ಮುರಿದಿತ್ತು. ಮುರಿದ ಜಾಗದ ನಡುವೆ, ನರ ಮತ್ತು ರಕ್ತನಾಳಗಳಿರುವ ಹಲ್ಲಿನ ತಿರುಳು ಕೆಂಪು ಚುಕ್ಕೆಯಂತೆ ಕಾಣುತ್ತಿತ್ತು. ಆಡುವಾಗ ಹಲ್ಲುಗಳ ರಕ್ಷಣೆಗೆ ಬಾಯೊಳಗೆ ಹಾಕಿಕೊಳ್ಳುವ ಮೌತ್‌ಗಾರ್ಡ್ ಹಾಕಿಕೊಂಡಿರಲಿಲ್ಲವೇ ಎಂದು ಕೇಳಿದೆ. ತಂದೆ ಉತ್ತರಿಸುವ ಮೊದಲೇ ಹುಡುಗ ಬಗ್ಗಿ, ಕಾಲುಚೀಲದೊಳಗಿಂದ ಅದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚಿ ಕೂರಿಸಿಕೊಳ್ಳುವ ಬಗೆಯದು ಅದು. ದವಡೆಹಲ್ಲುಗಳು ಕೂರುವ ಕಡೆ ಅಗಿದು ಅಗಿದು ತೀರ ತೆಳುವಾಗಿತ್ತು, ಮುಂಭಾಗದಲ್ಲಿ ಹಲ್ಲಿನ ಗುರುತೇ ಸರಿಯಾಗಿ ಮೂಡಿರಲಿಲ್ಲ. “ಹಾಕಿಕೊಂಡರೆ ಮಾತಾಡೋಕಾಗಲ್ಲ ಡಾಕ್ಟರ್, ಬಾಯಿ ತೆರೆದರೆ ಬಿದ್ದುಹೋಗುತ್ತೆ” ಎಂದ.

ಆ ಹಲ್ಲು ಉಳಿಯಿತು. ಹೊರಗೆ ಕಾಣುತ್ತಿದ್ದ ತಿರುಳನ್ನು ಸುಮಾರು 2 ಮಿ.ಮೀ. ಆಳದವರೆಗೆ ತೆಗೆದು, ಔಷಧದ ಪದರವಿಟ್ಟು, ಮುರಿದ ಭಾಗವನ್ನು ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ತುಂಬುವಸ್ತುವಿನಿಂದ ಕಟ್ಟಿದೆ. ಆದರೆ ಮಕ್ಕಳ ಹಲ್ಲಿಗೆ ಬೀಳುವ ಪೆಟ್ಟು ಅಲ್ಲಿಗೆ ಮುಗಿಯುವಂಥದ್ದಲ್ಲ. ಶಾಶ್ವತ ಬಾಚಿಹಲ್ಲು 7–8ನೇ ವಯಸ್ಸಿನಲ್ಲಿ ಒಸಡಿನಿಂದ ಹೊರಬಂದ ಮೇಲೂ ಅದರ ಬೇರು ಪೂರ್ತಿ ಬೆಳೆಯಲು ಇನ್ನೂ ಸುಮಾರು 3 ವರ್ಷ ಬೇಕು; ಅಷ್ಟರೊಳಗೆ ತಿರುಳು ಸತ್ತರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಂತು, ಅದರ ಗೋಡೆ ತೆಳುವಾಗಿಯೇ ಉಳಿಯುತ್ತದೆ ಮತ್ತು ಮುಂದೆ ಸಣ್ಣ ಪೆಟ್ಟಿಗೂ ಮುರಿಯಬಹುದು. ಹಲ್ಲೇ ಹೋದರಂತೂ ದವಡೆಯ ಬೆಳವಣಿಗೆ ಮುಗಿಯುವವರೆಗೆ ಸಾಮಾನ್ಯವಾಗಿ ಇಂಪ್ಲಾಂಟ್ (ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಹಾಕುವಂತಿಲ್ಲವಾದ್ದರಿಂದ, ಆ ಮಗು ಹಲವು ವರ್ಷಗಳನ್ನು ತಾತ್ಕಾಲಿಕ ಏರ್ಪಾಡಿನಲ್ಲೇ ಕಳೆಯಬೇಕಾಗುತ್ತದೆ. ಇದೆಲ್ಲ ಗೊತ್ತಿದ್ದೂ ಅಲ್ಲಿಯವರೆಗೆ ನಾನು ಮುರಿದದ್ದನ್ನು ಕಟ್ಟುವುದಷ್ಟೇ ನನ್ನ ಕೆಲಸವೆಂದು ನಡೆದುಕೊಂಡಿದ್ದೆ. ಆ ದಿನದಿಂದ ಆಟವಾಡುವ ಮಕ್ಕಳಿಗೆ ಅವರವರ ಬಾಯಿಯ ಅಳತೆಗೆ ನಾನೇ ಮೌತ್‌ಗಾರ್ಡ್ ಮಾಡಿಕೊಡಲು ತೊಡಗಿದೆ.

ಮೌತ್‌ಗಾರ್ಡ್ ಪೆಟ್ಟಿನ ಬಲವನ್ನು ಸ್ವಲ್ಪ ಹೀರಿಕೊಂಡು ಉಳಿದದ್ದನ್ನು ಹಲವು ಹಲ್ಲುಗಳಿಗೆ ಹಂಚುತ್ತದೆ, ತುಟಿ ಮತ್ತು ಕೆನ್ನೆಗಳನ್ನು ಹಲ್ಲಿನ ಅಂಚಿನಿಂದ ದೂರವಿಡುತ್ತದೆ, ಗದ್ದಕ್ಕೆ ಪೆಟ್ಟು ಬಿದ್ದಾಗ ಕೆಳಹಲ್ಲುಗಳು ಮೇಲಿನವುಗಳಿಗೆ ಅಪ್ಪಳಿಸದಂತೆ ನಡುವೆ ನಿಲ್ಲುತ್ತದೆ. ಪೆಟ್ಟು ಬೀಳುವ ಕ್ಷಣದಲ್ಲಿ ಅದು ಬಾಯಲ್ಲಿ ಇಲ್ಲದಿದ್ದರೆ ಇದರಲ್ಲಿ ಒಂದೂ ನಡೆಯುವುದಿಲ್ಲ. ಹಲ್ಲು ಕಚ್ಚಿ ಹಿಡಿಯದೆಯೂ ತಾನಾಗಿ ಕೂತಿರುವ, ಉಸಿರಿಗೂ ಮಾತಿಗೂ ಅಡ್ಡಬಾರದ ಗಾರ್ಡನ್ನು ಮಾತ್ರ ಮಕ್ಕಳು ಆಟ ಮುಗಿಯುವವರೆಗೆ ಹಾಕಿಕೊಂಡಿರುತ್ತಾರೆ.

ಮೊದಲು ಅಚ್ಚು ತೆಗೆಯುವ ಕೆಲಸ. ಆಲ್ಜಿನೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಟ್ರೇಯಲ್ಲಿ ತುಂಬಿ ಮೇಲ್ದವಡೆಗೆ ಒತ್ತಿ ಹಿಡಿಯುತ್ತೇನೆ. ಗಟ್ಟಿಯಾಗಲು ಎರಡು ಮೂರು ನಿಮಿಷ ಸಾಕಾದರೂ, ಓಕರಿಕೆ ಬರುವ ಮಕ್ಕಳಿಗೆ ಅಷ್ಟೂ ದೀರ್ಘವೇ. ತಲೆ ಮುಂದಕ್ಕೆ ಬಾಗಿಸಿ, ಮೂಗಿನಿಂದ ಉಸಿರಾಡುತ್ತ, ಒಂದು ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿಯಲು ಹೇಳುತ್ತೇನೆ. ಗಮನ ಕಾಲಿನ ಕಡೆ ಹೋದಂತೆ ಗಂಟಲು ಸಡಿಲವಾಗುತ್ತದೆ. ಕೆಳದವಡೆಯ ಅಚ್ಚನ್ನೂ ಬಿಡುವುದಿಲ್ಲ. ಡೆಂಟಲ್ ಸ್ಟೋನ್ ಎಂಬ ಗಟ್ಟಿ ಜಿಪ್ಸಮ್‌ನಲ್ಲಿ ಹಲ್ಲುಗಳ ಮಾದರಿ ಎರಕ ಹೊಯ್ದ ಮೇಲೆ ಗಾರ್ಡಿನ ಅಂಚು ಎಲ್ಲಿಗೆ ನಿಲ್ಲಬೇಕೆಂದು ಪೆನ್ಸಿಲ್‌ನಿಂದ ಗೆರೆ ಎಳೆಯುತ್ತೇನೆ. ಮೇಲ್ತುಟಿಯನ್ನು ಒಸಡಿಗೆ ಜೋಡಿಸುವ ಎಳೆಯಂಥ ಮಾಂಸಕ್ಕೆ ಆ ಅಂಚಿನಲ್ಲಿ ಸ್ವಲ್ಪ ಕತ್ತರಿಸಿ ಜಾಗ ಬಿಡದಿದ್ದರೆ ಗಾರ್ಡು ಪ್ರತಿ ಮಾತಿಗೂ ಅದನ್ನು ಉಜ್ಜಿ ಹುಣ್ಣು ಮಾಡುತ್ತದೆ.

ಆರಂಭದಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಮೆತ್ತನೆಯ ಪ್ಲಾಸ್ಟಿಕ್‌ನ 4 ಮಿ.ಮೀ. ಹಾಳೆಯನ್ನು ಕಾಯಿಸಿ, ವ್ಯಾಕ್ಯೂಮ್ ಯಂತ್ರದಲ್ಲಿ ಮಾದರಿಯ ಮೇಲೆ ಎಳೆದು ಕೂರಿಸಿದರೆ ಗಾರ್ಡೂ ಅಷ್ಟೇ ದಪ್ಪವಿರುತ್ತದೆಂದು ನಂಬಿದ್ದೆ. ಒಂದು ದಿನ ಕತ್ತರಿಸಿ ಕ್ಯಾಲಿಪರ್‌ನಲ್ಲಿ ಅಳೆದು ನೋಡಿದರೆ ಬಾಚಿಹಲ್ಲುಗಳ ಮುಂದೆ, ಪೆಟ್ಟು ಮೊದಲು ತಗಲುವ ಜಾಗದಲ್ಲೇ, 2 ಮಿ.ಮೀ.ಗಿಂತ ಸ್ವಲ್ಪ ಹೆಚ್ಚಷ್ಟೇ ಉಳಿದಿತ್ತು. ಬಿಸಿಯಾದ ಹಾಳೆ ಎತ್ತರದ ಜಾಗದ ಮೇಲೆ ಎಳೆದುಕೊಂಡಷ್ಟೂ ತೆಳುವಾಗುತ್ತದೆ. ಅದುವರೆಗೆ ಕೊಟ್ಟಿದ್ದ ಗಾರ್ಡ್‌ಗಳನ್ನು ವಾಪಸ್ ತರಿಸಿ ಹೊಸದಾಗಿ ಮಾಡಿಕೊಟ್ಟೆ. ಈಗ ಒತ್ತಡದ ಯಂತ್ರದಲ್ಲಿ ಒಂದರ ಮೇಲೊಂದು ಎರಡು ಹಾಳೆಗಳನ್ನು ಬೆಸೆಯುತ್ತೇನೆ: ಮುಂಭಾಗದಲ್ಲಿ ಸುಮಾರು 3 ಮಿ.ಮೀ., ಕಚ್ಚುವ ಮೇಲ್ಮೈಯಲ್ಲಿ 2 ಮಿ.ಮೀ., ಅಂಗುಳಿನ ಕಡೆ 1 ಮಿ.ಮೀ. ಉಳಿಯಬೇಕು. ಪೂರ್ತಿ ತಣಿಯುವ ಮೊದಲು ಮಾದರಿಯಿಂದ ಬಿಡಿಸಿದರೆ ಆಕಾರ ಕೆಡುತ್ತದೆ. ಇಲ್ಲಿ ಅವಸರ ಸಲ್ಲದು.

ಕೆಳಹಲ್ಲುಗಳ ಹೊಂದಾಣಿಕೆಯೂ ಅಷ್ಟೇ ಮುಖ್ಯ, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚಾಗಿ ನಿರ್ಲಕ್ಷ್ಯಕ್ಕೆ ಒಳಗಾಗುವುದು ಇದೇ. ಬಾಯಿ ಮುಚ್ಚಿದಾಗ ಹಿಂದಿನ ಒಂದೆರಡು ದವಡೆಹಲ್ಲುಗಳಷ್ಟೇ ಗಾರ್ಡಿಗೆ ತಗಲಿದರೆ ಗದ್ದಕ್ಕೆ ಬಿದ್ದ ಪೆಟ್ಟೆಲ್ಲ ಅವುಗಳ ಮೇಲೇ ಹೋಗುತ್ತದೆ. ಆದ್ದರಿಂದ ಕಚ್ಚುವ ಮೇಲ್ಮೈಯನ್ನು ತುಸು ಬಿಸಿಮಾಡಿ, ಎರಡೂ ಬದಿಯ ಕೆಳಹಲ್ಲುಗಳ ಗುರುತು ಸಮನಾಗಿ ಮೂಡುವವರೆಗೆ ತಿದ್ದುತ್ತೇನೆ. ಕೊನೆಯಲ್ಲಿ ಮಗುವಿಗೆ ಬಾಯಿ ಅಗಲಿಸಲು, ತನ್ನ ಹೆಸರು ಹೇಳಲು, ಒಂದು ಗುಟುಕು ನೀರು ಕುಡಿಯಲು, ಹೊರಗೆ ಒಂದು ಸುತ್ತು ಓಡಿ ಬರಲು ಹೇಳುತ್ತೇನೆ. ಓಡಿ ಬಂದ ಮಗು ಮೊದಲು ಕೈಯನ್ನು ಬಾಯಿಗೆ ಒಯ್ದರೆ ಕೆಲಸ ಇನ್ನೂ ಬಾಕಿ ಇದೆ ಎಂದೇ ಅರ್ಥ.

ದೊಡ್ಡವರ ಗಾರ್ಡಿಗೂ ಮಕ್ಕಳ ಗಾರ್ಡಿಗೂ ಇರುವ ವ್ಯತ್ಯಾಸ ಬಾಯಿಯ ಬೆಳವಣಿಗೆಯದು. 6ರಿಂದ 12ನೇ ವಯಸ್ಸಿನವರೆಗೆ ಹಾಲುಹಲ್ಲುಗಳು ಬೀಳುತ್ತ, ಶಾಶ್ವತ ಹಲ್ಲುಗಳು ಬರುತ್ತ ಇರುತ್ತವೆ. ಹಲ್ಲು ಇಳಿಯುತ್ತಿರುವ ಜಾಗದಲ್ಲಿ ಮಾದರಿಯ ಮೇಲೆ ಮೇಣ ಹಚ್ಚಿ ಗಾರ್ಡಿನೊಳಗೆ ಸ್ವಲ್ಪ ಬಿಡುವು ಉಳಿಸಬಹುದು, ಆದರೆ ಅದು ಕೆಲವು ತಿಂಗಳ ಮಟ್ಟಿಗೆ ಮಾತ್ರ. ಹಾಗಾಗಿ ಮೂರು ತಿಂಗಳಿಗೊಮ್ಮೆ ಗಾರ್ಡಿನೊಂದಿಗೇ ಬರಲು ಹೇಳುತ್ತೇನೆ. ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೂ ಇದೇ ಕ್ರಮ. ಬಾಸ್ಕೆಟ್‌ಬಾಲ್ ಆಡುವ ಹುಡುಗಿಯೊಬ್ಬಳು ಎದುರಾಳಿಯ ಮೊಣಕೈ ತಗಲಿ ಬಂದಾಗ, ಅವಳ ತುಟಿಯ ಒಳಗೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ್ದ ನಾಲ್ಕು ಬ್ರ್ಯಾಕೆಟ್‌ಗಳ ಗುರುತು ಸಾಲಾಗಿ ಗಾಯವಾಗಿ ಮೂಡಿತ್ತು. ಹಲ್ಲಿಗೆ ಏನೂ ಆಗಿರಲಿಲ್ಲ, ಆದರೆ ವಾರಪೂರ್ತಿ ಊಟ ಮಾಡಲು ಕಷ್ಟಪಟ್ಟಳು. ಮೇಲಿನ ಹಲ್ಲು ಮುಂಚಾಚಿರುವ ಮಕ್ಕಳ ಬಗ್ಗೆ ಹೆಚ್ಚು ಒತ್ತಾಯ ಮಾಡುತ್ತೇನೆ, ಏಕೆಂದರೆ ತುಟಿಯ ಮರೆಯಿಲ್ಲದ ಹಲ್ಲಿಗೆ ಗಾಯವಾಗುವ ಸಂಭವ ಹೆಚ್ಚು.

ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗುವುದನ್ನೂ ಇದು ತಡೆಯುತ್ತದೆಯೇ ಎಂದು ತಂದೆತಾಯಿಗಳು ಕೇಳುತ್ತಾರೆ. ಹಾಗೆ ಖಚಿತವಾಗಿ ಹೇಳುವಷ್ಟು ಆಧಾರವಿಲ್ಲವೆಂದು ನೇರವಾಗಿ ತಿಳಿಸುತ್ತೇನೆ. ಗಾರ್ಡ್ ಇದ್ದೂ ಶಾಶ್ವತ ಹಲ್ಲು ಬೇರುಸಹಿತ ಕಳಚಿದರೆ ಬೇರನ್ನು ಮುಟ್ಟದೆ ಮೇಲ್ಭಾಗವನ್ನಷ್ಟೇ ಹಿಡಿದು, ಕೊಳೆಯಿದ್ದರೆ ಬೇಗನೆ ತೊಳೆದು, ತಕ್ಷಣ ಅದೇ ಗೂಡಿಗೆ ಕೂರಿಸಬೇಕು. ಆಗದಿದ್ದರೆ ಹಾಲಿನಲ್ಲಿಟ್ಟು ಕೂಡಲೇ ದಂತವೈದ್ಯರ ಬಳಿ ತರಬೇಕು. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು.

ಆಟ ಮುಗಿದ ಮೇಲೆ ಗಾರ್ಡನ್ನು ತಣ್ಣೀರಿನಲ್ಲಿ ತೊಳೆದು, ಒಣಗಿಸಿ, ಗಾಳಿಯಾಡುವ ಗಟ್ಟಿ ಡಬ್ಬಿಯಲ್ಲಿಡಬೇಕು. ಬಿಸಿನೀರಿನಲ್ಲೋ ಬಿಸಿಲಿನಲ್ಲೋ ಇಟ್ಟರೆ ಸೊಟ್ಟಗಾಗುತ್ತದೆ. ಹಾಕಿ ಆಡುವ ಆ ಹುಡುಗ ಈಗ ಡಬ್ಬಿ ತಪ್ಪಿಸುವುದಿಲ್ಲ. ಕಳೆದ ತಿಂಗಳು ಬಂದಾಗ ಎಡಗಡೆ ಗಾರ್ಡು ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತಿತ್ತು. ಬಾಯಿ ತೆರೆಸಿ ನೋಡಿದೆ, ಕೋರೆಹಲ್ಲು ಇಳಿಯಲು ಶುರುವಾಗಿತ್ತು. ಹೊಸ ಅಚ್ಚಿಗೆಂದು ಟ್ರೇ ಕೈಗೆತ್ತಿಕೊಳ್ಳುತ್ತಿದ್ದಂತೆ, ನಾನು ಹೇಳುವ ಮೊದಲೇ ಅವನು ಒಂದು ಕಾಲು ಎತ್ತಿದ್ದ.