ಎಂಪಿ3 ಬಿಟ್ಟು ಸಿಡಿಗೆ ಮರಳಿ: ತೊಂಬತ್ತರ ದಶಕದ ಹಾಡುಗಳನ್ನು ಪೂರ್ತಿ ಉಳಿಸಿಕೊಳ್ಳೋದು ಹೇಗೆ

ಎಂಪಿ3 ಸದ್ದಿನ ಒಂದಷ್ಟು ಭಾಗವನ್ನು ಬಿಸಾಡಿ ಫೈಲನ್ನು ಚಿಕ್ಕದು ಮಾಡುತ್ತದೆ, ಫ್ಲ್ಯಾಕ್ ಏನನ್ನೂ ಕಳೆಯದೆ ಚಿಕ್ಕದು ಮಾಡುತ್ತದೆ. ಆದರೆ ಫ್ಲ್ಯಾಕ್ ಅಂತ ಹೆಸರಿದ್ದ ಮಾತ್ರಕ್ಕೆ ಫೈಲು ಅಸಲಿ ಆಗುವುದಿಲ್ಲ. ಗೆಳೆಯರೊಬ್ಬರು ಕೊಟ್ಟಿದ್ದ ಹಾಡುಗಳನ್ನು ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದೆ. 16 ಕಿಲೋಹರ್ಟ್ಸ್ ದಾಟಿದ ಮೇಲೆ, ಅಂದರೆ ತೀರಾ ಕೀರಲು ಸದ್ದು ಇರಬೇಕಾದ ಜಾಗದಲ್ಲಿ, ಎಲ್ಲವೂ ಕಪ್ಪು, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಅದು ಕಡಿಮೆ ಗುಣಮಟ್ಟದ, 128 ಕೆಬಿಪಿಎಸ್ ಎಂಪಿ3ಯ ಗುರುತು. ಎಂಪಿ3 ಮಾಡುವಾಗ ಹೋದ ಸದ್ದು ಫ್ಲ್ಯಾಕ್ ಮಾಡಿದರೆ ವಾಪಸ್ ಬರಲ್ಲ, ಸುಮ್ನೆ ಫೈಲು ದಪ್ಪ ಆಗುತ್ತದೆ. ಅವತ್ತಿನಿಂದ ನಾನೇ ಸಿಡಿ ಕೊಂಡು ರಿಪ್ ಮಾಡುತ್ತೇನೆ, ಅಂದರೆ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ.

ಆದಷ್ಟೂ ಆಗಿನ ಕಾಲದ ಸಿಡಿಯನ್ನೇ ಹುಡುಕಿ. ಆಮೇಲೆ ಸದ್ದನ್ನು ಮತ್ತೆ ಹದಮಾಡಿ ತಂದ ಎಷ್ಟೋ ರಿಮಾಸ್ಟರ್‌ಗಳಲ್ಲಿ ಮೆಲ್ಲಗಿರಬೇಕಾದ ಜಾಗವೂ ಜೋರಾಗಿದೆ. ಕೊಳ್ಳುವಾಗ ಸಿಡಿಯನ್ನು ಬೆಳಕಿಗೆ ಹಿಡಿಯಿರಿ. ಸೂಜಿ ಚುಚ್ಚಿದಂತೆ ಬೆಳಕು ತೂರಿದರೆ ಬಿಟ್ಟುಬಿಡಿ. ಹಾಡು ಕೂತಿರುವ ಲೋಹದ ಪದರ ಲೇಬಲ್ಲಿನ ಕೆಳಗೇ ಇರುವುದರಿಂದ ಆ ಬದಿಯ ಗೀರೇ ಜಾಸ್ತಿ ಅಪಾಯ.

ರಿಪ್ ಮಾಡೋ ಸಾಫ್ಟ್‌ವೇರ್ ಆಗಿ ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ ಹಾಕಿಕೊಳ್ಳಿ. ಸೆಕ್ಯೂರ್ ಮೋಡ್ ಇರಲಿ, ಅನುಮಾನ ಬಂದ ಜಾಗವನ್ನು ಅದು ಮತ್ತೆ ಮತ್ತೆ ಓದುತ್ತದೆ. ಅಕ್ಯುರೇಟ್‌ರಿಪ್ ಆನ್ ಮಾಡಿ. ಇದೇ ಸಿಡಿಯನ್ನು ರಿಪ್ ಮಾಡಿದ ಬೇರೆಯವರ ಲೆಕ್ಕದ ಜೊತೆ ಅದು ನಿಮ್ಮದನ್ನು ತಾಳೆ ನೋಡುತ್ತದೆ. 'ಟೆಸ್ಟ್ ಅಂಡ್ ಕಾಪಿ' ಒತ್ತಿದರೆ ಪ್ರತಿ ಹಾಡನ್ನೂ ಎರಡು ಸಲ ಓದಿ, ಸಿಆರ್‌ಸಿ ಎಂಬ ಎಂಟು ಅಕ್ಷರದ ಗುರುತು ತೋರಿಸುತ್ತದೆ. ಎರಡೂ ಒಂದೇ ಇರಬೇಕು.

ಗಾಯಕ ಲಕ್ಕಿ ಅಲಿಯವರ 1996ರ ಆಲ್ಬಮ್ 'ಸುನೋ' ರಿಪ್ ಮಾಡುವಾಗ ಒಂದು ಹಾಡಿನ ಗುರುತು ಹೊಂದಲೇ ಇಲ್ಲ. ಕೇಳಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ನೀರು, ಮೆತ್ತನೆ ಬಟ್ಟೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ದುಂಡಗೆ ಉಜ್ಜಬೇಡಿ, ಗೀರು ಹಾಡಿನ ಜಾಡಿನುದ್ದಕ್ಕೂ ಬಿದ್ದರೆ ಡ್ರೈವ್‌ಗೆ ಓದೋಕೆ ಕಷ್ಟ. ಡ್ರೈವಿನ ವೇಗವನ್ನೂ ಇಳಿಸಿದೆ. ಮೂರನೇ ಸಲ ಎಂಟೂ ಅಕ್ಷರ ಕೂಡಿ ಬಂದವು. ಆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆಲ್ಬಮ್ ಪೂರ್ತಿ ಕೇಳಿದೆ.

ಫ್ಲ್ಯಾಕ್‌ನ ಲೆವೆಲ್ (ಫೈಲನ್ನು ಎಷ್ಟು ಒತ್ತಿ ಚಿಕ್ಕದು ಮಾಡಬೇಕು ಅನ್ನೋ ಸೆಟ್ಟಿಂಗ್) 5 ಇರಲಿ, 8 ಇರಲಿ, ಸದ್ದು ಒಂದೇ. ಒಂದು ಗಂಟೆಯ ಸಿಡಿ ಸುಮಾರು 635 ಎಂಬಿ, ಫ್ಲ್ಯಾಕ್ ಆದ ಮೇಲೆ ಹೆಚ್ಚುಕಡಿಮೆ 400. ಹಾಡಿನ ಹೆಸರು ತುಂಬೋಕೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಸಾಕು. ರಿಪ್ ಹೇಗಾಯಿತು ಅಂತ ಸಾಫ್ಟ್‌ವೇರ್ ಬರೆದಿಡುವ ಲಾಗ್ ಫೈಲನ್ನು ಮಾತ್ರ ಅಳಿಸಬೇಡಿ, ರಿಪ್ ಸರಿಯಾಗಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇಡಿ, ಬೇರೆ ಬೇರೆ ಮನೆಯಲ್ಲಿ. ನನ್ನದೊಂದು ಮೈಸೂರಿನಲ್ಲಿ ಅಕ್ಕನ ಬೀರುವಿನಲ್ಲಿದೆ.